ಕಾಲೇಜಿನಲ್ಲೊಂದು ಸೇವಾಸಂಘ

ಕಾಲೇಜುಗಳು ತೆರೆದ ಒಂದೆರಡು ತಿಂಗಳೊಳಗಾಗಿ ನಮ್ಮ ನಗರಗಳಲ್ಲಿ ಹೊಸ ಹೊಸ ವಿದ್ಯಾರ್ಥಿ ಸಂಘಗಳು ಹುಟ್ಟುವುದು ವಾಡಿಕೆ. ನಾಟಕದ ಮಂಡಲಿ, ಚರ್ಚಾಕೂಟ, ಕ್ರೀಡಾಸಂಘ ಇವುಗಳ ಜೊತೆಯಲ್ಲಿ ಸೇವಾಸಂಘವೆಂಬುದೂ ಒಂದು ಇರುತ್ತದೆ. ಪ್ರಾರಂಭೋತ್ಸವಕ್ಕೆ ಊರಿನ ಗಣ್ಯರೊಬ್ಬರು ದಯಮಾಡಿಸುತ್ತಾರೆ, ಹಾರತುರಾಯಿಗಳ ಸಮರ್ಪಣೆಯಾಗುತ್ತದೆ, ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಸಹಕಾರ್ಯದರ್ಶಿ, ಕೋಶಾಧ್ಯಕ್ಷ ಎಂದು ಐದಾರು ಪದವಿಗಳು ಹಂಚಿಹೋಗುತ್ತವೆ. ಸಂಕ್ರಾಂತಿಯ ಹೊತ್ತಿಗೆ ಆ ಸಂಘವೆಲ್ಲಿ ಎಂದು ಹುಡುಕಿಕೊಂಡು ಹೋದರೆ ಸೂಚನಾಫಲಕದ ಮೇಲೆ ಬಣ್ಣಗೆಟ್ಟ ಒಂದು ಕಾಗದ ಮಾತ್ರ ಕಾಣಿಸೀತು. ವಿದ್ಯಾರ್ಥಿಗಳ ಮನಸ್ಸು ಚಂಚಲವಾದುದರಿಂದ ಹೀಗಾಯಿತೆಂದು ಹೇಳಿಬಿಡುವುದು ಸುಲಭ. ನನ್ನ ಮಟ್ಟಿಗೆ ನಾನು ಅದನ್ನು ಒಪ್ಪುವುದಿಲ್ಲ. ದೋಷವಿರುವುದು ಬಹುಮಟ್ಟಿಗೆ ಪ್ರಾರಂಭಮಾಡುವ ಕ್ರಮದಲ್ಲಿ. ಆ ಕ್ರಮವನ್ನು ಕುರಿತು ಕೆಲವು ಮಾತುಗಳನ್ನು ಈ ಹೊತ್ತು ತಮ್ಮ ಮುಂದಿಡುತ್ತೇನೆ. ಕೇಳುತ್ತಿರುವವರಲ್ಲಿ ವಿದ್ಯಾರ್ಥಿಗಳಿಗಿಂತ ಅವರ ತಂದೆತಾಯಿಗಳೂ ಅಧ್ಯಾಪಕರೂ ಹೆಚ್ಚಾಗಿದ್ದರೂ ಇರಬಹುದು. ಅವರಿಗೆ ಸಂಬಂಧಿಸಿದ ವಿಷಯವೂ ಇದರಲ್ಲಿ ಉಂಟು.

ಓದುವ ತರುಣರು ಓದಿಲ್ಲದವರ ನೆರೆಯಲ್ಲಿ ಹೋಗಿ ಕೆಲಸ ಮಾಡಬೇಕೆಂಬ ಭಾವನೆ ಹೊಸದಲ್ಲ. ಅದನ್ನು ವ್ಯವಸ್ಥಿತವಾಗಿ ನಡೆಸಿ ತೋರಿಸಿದವರಲ್ಲಿ ಲಂಡನ್ ನಗರದ ಪೂರ್ವಭಾಗದ ವೈಟ್‌ಚಾಪೆಲ್ ಎಂಬ ಬಡಕೇರಿಯ ಪಾದ್ರಿ ಸ್ಯಾಮ್ಯುಯಲ್ ಬಾರ್ನೆಟ್ ಅವರೂ ಅವರ ಪತ್ನಿ ಹೆನ್ರಿಯೆಟಾ ಅವರೂ ಮುಖ್ಯರು. ಆ ದಂಪತಿಗಳು 1884ರಲ್ಲಿ ಟಾಯ್ನ್‌ಬಿ ಹಾಲ್ ಎಂಬ ನಿಲಯವೊಂದನ್ನು ತೆರೆದರು. ಹಿಂದಿನ ವರ್ಷ, ಮೂವತ್ತರ ಹರೆಯದಲ್ಲಿಯೇ ತೀರಿಕೊಂಡ ಆಕ್ಸ್‌ಫರ್ಡಿನ ಅರ್ಥಶಾಸ್ತ್ರಜ್ಞ ಆರ್ನಲ್ಡ್ ಟಾಯ್ನ್‌ಬಿಯವರ ನೆನಪಿಗಾಗಿ ಆ ಹೆಸರು. (ಜಗತ್ತಿನ ಇತಿಹಾಸವನ್ನು ಬರೆದು ಪ್ರಸಿದ್ಧರಾದ ಟಾಯ್ನ್‌ಬಿ ಇವರ ಸೋದರನ ಮಗ.) ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾನಿಲಯಗಳ ತರುಣರು ಅಲ್ಲಿ ವಾಸಮಾಡಿಕೊಂಡು, ಹಗಲು ತಮ್ಮ ತಮ್ಮ ಉದ್ಯೋಗಗಳನ್ನು ನೋಡಿಕೊಂಡು, ಸಂಜೆ ಆ ಕೇರಿಯ ಕೂಲಿಕಾರರಿಗೆ ಪಾಠ, ಉಪನ್ಯಾಸ, ಕಾನೂನಿನ ಸಲಹೆ ಮೊದಲಾದುವನ್ನು ಒದಗಿಸುತ್ತಿದ್ದರು. ಬಾರ್ನೆಟ್ಟರಿಗೆ ಒಂದು ವಿಷಯದಲ್ಲಿ ಖಚಿತವಾದ ನಿಲುವಿತ್ತು: ಬಂದವರು ಕೊಡುವುದಕ್ಕೆ ಮಾತ್ರ ಬಂದಿಲ್ಲ, ಕಲಿಯುವುದಕ್ಕೂ ಬಂದಿದ್ದಾರೆ. ಅಲ್ಲಿ ಕಲಿತವರ ಹೆಸರುಗಳನ್ನು ನೋಡಿದರೆ ಆ ಮಾತಿನ ಬೆಲೆ ತಿಳಿಯುತ್ತದೆ. 1942ರಲ್ಲಿ ಇಂಗ್ಲೆಂಡಿನ ಸಾಮಾಜಿಕ ವಿಮೆಯ ಯೋಜನೆಯನ್ನು ಬರೆದುಕೊಟ್ಟ ವಿಲಿಯಂ ಬೆವರಿಜ್ ಅವರೂ, 1945ರಲ್ಲಿ ಪ್ರಧಾನಮಂತ್ರಿಗಳಾಗಿ ಭಾರತದ ಸ್ವಾತಂತ್ರ್ಯದ ಮಸೂದೆಯನ್ನು ತಂದ ಕ್ಲೆಮೆಂಟ್ ಆಟ್ಲಿಯವರೂ ತಾರುಣ್ಯದಲ್ಲಿ ಆ ನಿಲಯದ ಕೆಲಸಗಾರರಾಗಿದ್ದವರು. ಅದನ್ನು ನೋಡಿಕೊಂಡು ಹೋದ ಅಮೆರಿಕದ ಜೇನ್ ಆಡಮ್ಸ್ ಎಂಬ ಮಹಿಳೆ 1889ರಲ್ಲಿ ಷಿಕಾಗೊ ನಗರದಲ್ಲಿ ಹಲ್ ಹೌಸ್ ಎಂಬ ಅಂಥದೇ ನಿಲಯವನ್ನು ಸ್ಥಾಪಿಸಿದರು.

ನಮ್ಮ ದೇಶದಲ್ಲಿ, ಸರ್ವಪಲ್ಲಿ ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ 1948ರಲ್ಲಿ ನೇಮಕವಾದ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು ವಿದ್ಯಾರ್ಥಿಗಳಿಗೆ ಸ್ವಇಚ್ಛೆಯ ರಾಷ್ಟ್ರಸೇವೆಯ ಅವಕಾಶವಿರಬೇಕೆಂದು ಸೂಚಿಸಿತು. ಅದನ್ನು ಕಡ್ಡಾಯಮಾಡಬೇಕೆ ಬೇಡವೆ ಎಂಬ ಚರ್ಚೆ ಇಪ್ಪತ್ತು ವರ್ಷ ನಡೆಯಿತು. ಕೊನೆಗೆ ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು, ಕೇಂದ್ರದ ಶಿಕ್ಷಣ ಮಂತ್ರಿಗಳಾಗಿದ್ದ ವಿ.ಕೆ.ಆರ್.ವಿ. ರಾವ್ ಅವರು ರಾಷ್ಟ್ರೀಯ ಸೇವಾ ಯೋಜನೆಯನ್ನು 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭಿಸಿದರು. ರಾಯರು ಆಗ ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದವರು. 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರೂ ಅವರೇ. ಈ ಯೋಜನೆಯ ಲೆಕ್ಕದಂತೆ ಒಂದು ಘಟಕಕ್ಕೆ ಸಾಧಾರಣವಾಗಿ ನೂರು ಮಂದಿ ಸ್ವಯಂಸೇವಕರು, ಅವರಿಗೊಬ್ಬ ಅಧ್ಯಾಪಕರು. ಒಬ್ಬೊಬ್ಬರಿಗೆ ವರ್ಷಕ್ಕೆ 120 ಗಂಟೆಗಳ ಸೇವೆ, ಎರಡು ವರ್ಷಗಳಲ್ಲಿ 240. ಮತ್ತು ಒಂದು ಹಳ್ಳಿಯಲ್ಲಿ ಏಳು ದಿನಗಳ ಶಿಬಿರ. ತಮ್ಮ ಕಾಲೇಜಿನಲ್ಲಿ ಇಂತಹ ಘಟಕವಿದ್ದರೆ ಅದಕ್ಕೆ ಸ್ಪರ್ಧಿಯಾಗಿ ಇನ್ನೊಂದು ಸಂಘವನ್ನು ಹೂಡುವುದು ವಿವೇಕವಲ್ಲ. ನೂರು ಮಂದಿಯ ಘಟಕದಲ್ಲಿ ಮಾಡಲಾಗದ ಸಣ್ಣ, ಬಿಡುವಿಲ್ಲದ ಕೆಲಸಗಳು ಹಲವಿವೆ. ಹತ್ತು ಹದಿನೈದು ಮಂದಿಯ ಸಂಘಕ್ಕೆ ಜಾಗವಿರುವುದು ಅಲ್ಲಿ.

ಸಣ್ಣದಾಗಿ ಆರಂಭಿಸಿ ದೂರಹೋದ ಉದಾಹರಣೆಗೆ ನಾವು ಲಂಡನ್ನಿಗೆ ಹೋಗಬೇಕಾದುದಿಲ್ಲ. 1984ರಲ್ಲಿ ಮೈಸೂರಿನ ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ಕೆಲವು ಸಹಪಾಠಿಗಳು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಂಬ ಸಂಘವನ್ನು ಕಟ್ಟಿದರು. ಔಷಧದ ಕಂಪೆನಿಗಳವರು ವೈದ್ಯರಿಗೆ ಮಾದರಿಯಾಗಿ ಕೊಟ್ಟುಹೋಗುವ ಮಾತ್ರೆಗಳನ್ನು ಕೂಡಿಸಿ ಬಡರೋಗಿಗಳಿಗೆ ಹಂಚುವುದು, ರಕ್ತದಾನಿಗಳನ್ನು ಹುಡುಕಿ ತರುವುದು, ಇವೇ ಅವರ ಮೊದಲ ಕೆಲಸಗಳು. ಕೈಗೆ ನಿಲುಕಿದ್ದು, ತಾವು ಓದುತ್ತಿದ್ದ ವಿದ್ಯೆಗೆ ಹೊಂದಿದ್ದು, ಹಣ ಬೇಡದ್ದು. 1987ರಲ್ಲಿ ಅವರು ಹೆಗ್ಗಡದೇವನಕೋಟೆ ತಾಲ್ಲೂಕಿನ ಬ್ರಹ್ಮಗಿರಿ ಎಂಬ ಹಾಡಿಗೆ ಹೋದರು. ಕಬಿನಿ ಜಲಾಶಯದ ನೀರಿನಿಂದಲೂ ಬಂಡೀಪುರದ ಹುಲಿರಕ್ಷಣೆಯ ಯೋಜನೆಯಿಂದಲೂ ಕಾಡಿನ ನೆಲೆ ತಪ್ಪಿಹೋದ ಜೇನುಕುರುಬ, ಕಾಡುಕುರುಬ ಮೊದಲಾದ ಗಿರಿಜನರು ಆ ಸೀಮೆಯಲ್ಲಿ ವಾಸವಾಗಿದ್ದರು. ಅಲ್ಲಿಂದ ಮುಂದೆ ಸರಗೂರಿನ ಆಸ್ಪತ್ರೆ, ಹೊಸಹಳ್ಳಿಯ ಗಿರಿಜನ ಮಕ್ಕಳ ಶಾಲೆ ಇವೆಲ್ಲ ಬೆಳೆದುವು. ಎಲ್ಲ ವಿದ್ಯಾರ್ಥಿಗಳ ಸಂಘವೂ ಆಸ್ಪತ್ರೆಯಾಗಿ ಬೆಳೆಯಬೇಕೆಂದು ನಾನು ಹೇಳುತ್ತಿಲ್ಲ. ಬೆಳೆಯಬೇಕಾದ ಅಗತ್ಯವೂ ಇಲ್ಲ. ಆದರೆ ಆ ಕ್ರಮವನ್ನು ಗಮನಿಸಬೇಕು. ಮೂರು ವರ್ಷ ಸಣ್ಣ ಕೆಲಸವನ್ನು ಬಿಡದೆ ಮಾಡಿದ ಮೇಲೆ ದೊಡ್ಡ ಕೆಲಸ ಕಣ್ಣಿಗೆ ಬಿದ್ದಿತು. ಮೊದಲೇ ಬರೆದಿಟ್ಟುಕೊಂಡ ಉದ್ದೇಶಪತ್ರಿಕೆಯಿಂದ ಅದು ಹುಟ್ಟಲಿಲ್ಲ.

ಆದಕಾರಣ ಹೊಸ ಸಂಘದವರು ಮೊದಲು ಮಾಡತಕ್ಕದ್ದು ವಿಚಾರಣೆ. ಪದಾಧಿಕಾರಿಗಳ ಚುನಾವಣೆ ಆಮೇಲೆ. ನಾಲ್ಕಾರು ಮಂದಿ ಸೇರಿ, ಕಾಲೇಜಿನಿಂದ ಅರ್ಧ ಗಂಟೆ ನಡೆದರೆ ಮುಟ್ಟಬಹುದಾದ ಸ್ಥಳಗಳಿಗೆ ಹೋಗಿ, ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರನ್ನೂ, ಆಸ್ಪತ್ರೆಯ ದಾದಿಯರನ್ನೂ, ವೃದ್ಧಾಶ್ರಮದವರನ್ನೂ, ಅಂಗನವಾಡಿಯ ಕಾರ್ಯಕರ್ತೆಯನ್ನೂ ಕಂಡು, “ನಿಮಗೆ ಏನು ಬೇಕು, ಯಾವ ದಿನ ಬೇಕು, ಯಾವ ಹೊತ್ತಿಗೆ ಬೇಕು” ಎಂದು ಕೇಳಬೇಕು. ಕೇಳಿದ್ದನ್ನು ಬರೆದುಕೊಳ್ಳಬೇಕು. ಉತ್ತರಗಳು ಅನೇಕವೇಳೆ ನಮ್ಮ ನಿರೀಕ್ಷೆಗೆ ವಿರುದ್ಧವಾಗಿರುತ್ತವೆ. ಮಕ್ಕಳಿಗೆ ಪುಸ್ತಕಗಳ ಉಡುಗೊರೆ ತಂದವರಿಗೆ, ಹಳೆಯ ಪುಸ್ತಕಗಳು ಬೀರುವಿನಲ್ಲಿ ತುಂಬಿವೆ, ಜೊತೆಯಲ್ಲಿ ಕೂತು ಓದಿಸುವವರು ಬೇಕು ಎಂಬ ಉತ್ತರ ಬಂದೀತು. ವೃದ್ಧಾಶ್ರಮಕ್ಕೆ ಹಬ್ಬದ ದಿನ ನಾಲ್ಕು ಕಡೆಯಿಂದ ಸಿಹಿತಿಂಡಿ ಬರುತ್ತದೆ. ಮಂಗಳವಾರ ಮಧ್ಯಾಹ್ನ ಪತ್ರಿಕೆ ಓದಿ ಹೇಳುವವರು ಒಬ್ಬರೂ ಇರುವುದಿಲ್ಲ.

ಈ ತೆರದ ಕೆಲಸಗಳಲ್ಲಿ ಎರಡನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಂದು, ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡುವುದು. ಉತ್ತರವನ್ನು ಅವರು ಬಾಯಿಂದ ಹೇಳುತ್ತಾರೆ. ಕೈಯಿಂದ ಬರೆಯುವವನು ಲಿಪಿಕಾರ, ಸಾಮಾನ್ಯವಾಗಿ ಸ್ಕ್ರೈಬ್ ಎನ್ನುತ್ತಾರೆ. ಇದಕ್ಕೆ ಹಣ ಬೇಡ, ವಾಹನ ಬೇಡ, ವೇದಿಕೆ ಬೇಡ. ಆದರೆ ಇದರಲ್ಲಿರುವಷ್ಟು ಹೊಣೆ ಕಾಲೇಜಿನ ವಿದ್ಯಾರ್ಥಿಗೆ ಬೇರೆ ಯಾವ ಕೆಲಸದಲ್ಲಿಯೂ ಸಿಕ್ಕಲಾರದು. ಲಿಪಿಕಾರನು ಬೆಳಗ್ಗೆ ನಿದ್ದೆಯಿಂದ ಏಳದೆ ಹೋದರೆ, ಬಸ್ಸು ತಪ್ಪಿತೆಂದು ಮನೆಯಲ್ಲಿ ಉಳಿದರೆ, ಇನ್ನೊಬ್ಬ ತರುಣನ ಅಥವಾ ತರುಣಿಯ ಒಂದು ವರ್ಷ ವ್ಯರ್ಥವಾಗುತ್ತದೆ. ಆದ್ದರಿಂದ ಪ್ರತಿಯೊಬ್ಬ ಲಿಪಿಕಾರನ ಹಿಂದೆಯೂ ಒಬ್ಬ ಬದಲಿಯನ್ನು ನಿಲ್ಲಿಸಿಕೊಳ್ಳದ ಸಂಘವು ಈ ಕೆಲಸಕ್ಕೆ ಕೈಹಾಕಬಾರದು. ಬದಲಿಯ ಹೆಸರಿಗೂ ಪರೀಕ್ಷಾಧಿಕಾರಿಗಳ ಒಪ್ಪಿಗೆಯನ್ನು ಮುಂಚೆಯೇ ಪಡೆದಿರಬೇಕು. ಗಂಟೆಗೆ ಇಪ್ಪತ್ತು ನಿಮಿಷದಂತೆ ಹೆಚ್ಚಿನ ಕಾಲ, ಅಂದರೆ ಮೂರು ಗಂಟೆಯ ಪರೀಕ್ಷೆಗೆ ಇನ್ನೊಂದು ಗಂಟೆ, ಎಂಬುದು 2018ರಲ್ಲಿ ಕೇಂದ್ರ ಸರ್ಕಾರದವರು ಹೊರಡಿಸಿದ ಮಾರ್ಗಸೂಚಿಯಲ್ಲಿ ಸೇರಿದೆ. ಅಭ್ಯರ್ಥಿಯೇ ಕರೆತರುವ ಲಿಪಿಕಾರನ ವಿದ್ಯಾರ್ಹತೆ ಅಭ್ಯರ್ಥಿಯದಕ್ಕಿಂತ ಒಂದು ಹಂತ ಕೆಳಗಿರಬೇಕೆಂಬ ಷರತ್ತನ್ನೂ ಅದರಲ್ಲಿಯೇ ವಿಧಿಸಲಾಗಿತ್ತು. ಹೀಗಾಗಿ ಪದವಿ ಪರೀಕ್ಷೆಗೆ ಕುಳಿತವರಿಗಾಗಿ ಪಿ.ಯು. ತರಗತಿಯವರನ್ನು ಹುಡುಕಬೇಕಾಗಿ ಬಂದೀತು. ಇಂತಹ ನಿಯಮಗಳು ಪರೀಕ್ಷೆಯಿಂದ ಪರೀಕ್ಷೆಗೆ ಭಿನ್ನವಾಗುವುದರಿಂದಲೂ ಆಗಾಗ್ಗೆ ತಿದ್ದುಪಡಿಯಾಗುವುದರಿಂದಲೂ ಆಯಾ ವರ್ಷದ ಸುತ್ತೋಲೆಯನ್ನು ತರಿಸಿ ಓದಿಕೊಳ್ಳುವುದು ಕಾರ್ಯದರ್ಶಿಯ ಕರ್ತವ್ಯ.

ಬರೆಯುವುದಕ್ಕೂ ಅಭ್ಯಾಸ ಬೇಕು. ಪ್ರಶ್ನೆಯನ್ನು ಪೂರ್ತಿಯಾಗಿ, ನಿಧಾನವಾಗಿ, ಕೇಳಿದಷ್ಟು ಸಲ ಓದಿ ಹೇಳಬೇಕು. ಹೇಳಿದ್ದನ್ನು ಹೇಳಿದಂತೆಯೇ ಬರೆಯಬೇಕು. ತನಗೆ ತಿಳಿದ ಉತ್ತರವನ್ನು ಸೇರಿಸಬಾರದು, ಅವರ ವಾಕ್ಯವನ್ನು ಅಂದಗೊಳಿಸಲೂ ಬಾರದು. ಹೆಸರುಗಳ ಕಾಗುಣಿತದಲ್ಲಿ ಸಂದೇಹ ಬಂದರೆ ಕೇಳಬೇಕು. ಪರೀಕ್ಷೆಗೆ ಮೊದಲು ಒಂದೆರಡು ಸಂಜೆ ಇಬ್ಬರೂ ಕುಳಿತು ಹಳೆಯ ಪ್ರಶ್ನಪತ್ರಿಕೆಯೊಂದನ್ನು ಬರೆದುನೋಡಿದರೆ ಒಬ್ಬರ ವೇಗ ಇನ್ನೊಬ್ಬರಿಗೆ ಗೊತ್ತಾಗುತ್ತದೆ. ಪರೀಕ್ಷೆಯಿಲ್ಲದ ತಿಂಗಳುಗಳಲ್ಲಿ ಇದೇ ಬಳಗದವರು ಪಠ್ಯಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿಕೊಡಬಹುದು. ಕೈಯಲ್ಲಿರುವ ಫೋನೇ ಇದಕ್ಕೆ ಸಾಕು. ಬೇಕಾದದ್ದು ಸದ್ದಿಲ್ಲದ ಒಂದು ಕೋಣೆ ಮತ್ತು ಸ್ಪಷ್ಟವಾದ ಉಚ್ಚಾರಣೆ.

ಎರಡನೆಯದು ರಕ್ತದಾನ. ಇದು ಎಲ್ಲ ಕಾಲೇಜುಗಳಲ್ಲಿಯೂ ನಡೆಯುತ್ತದೆ, ಆದರೆ ಅನೇಕ ಕಡೆ ಉತ್ಸವದಂತೆ ನಡೆಯುತ್ತದೆ. ವರ್ಷಕ್ಕೊಂದು ದಿನ ಶಾಮಿಯಾನ ಹಾಕಿ ನೂರಾರು ಮಂದಿಯಿಂದ ರಕ್ತ ತೆಗೆದು, ಎಣಿಕೆಯನ್ನು ಪತ್ರಿಕೆಗೆ ಕಳುಹಿಸಿದಲ್ಲಿಗೆ ಮುಗಿಯುತ್ತದೆ. ರಕ್ತವು ಭತ್ತದಂತೆ ಕಣಜದಲ್ಲಿ ತುಂಬಿಡುವ ವಸ್ತುವಲ್ಲ. ಕೆಂಪುಕಣಗಳು ಶೈತ್ಯದಲ್ಲಿಟ್ಟರೂ ಹೆಚ್ಚೆಂದರೆ ಆರು ವಾರ ಉಳಿಯುತ್ತವೆ. ಡೆಂಗೆ ಜ್ವರದಲ್ಲಿಯೂ ಕ್ಯಾನ್ಸರ್ ಚಿಕಿತ್ಸೆಯಲ್ಲಿಯೂ ಕೆಲವು ರೋಗಿಗಳಿಗೆ ಬೇಕಾಗುವ ಪ್ಲೇಟ್‌ಲೆಟ್ ಕಣಗಳು ಐದು ದಿನ ಮಾತ್ರ. ಇತ್ತ ಥಲಸ್ಸೀಮಿಯಾ ರೋಗದ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು, ಪರೀಕ್ಷೆಯ ಕಾಲದಲ್ಲಿಯೂ ಬೇಕು, ಬೇಸಗೆಯ ರಜೆಯಲ್ಲಿಯೂ ಬೇಕು. ಕಾಲೇಜುಗಳು ಮುಚ್ಚಿರುವ ರಜೆಯ ದಿನಗಳಲ್ಲಿ ರಕ್ತನಿಧಿಗಳಲ್ಲಿ ಕೊರತೆ ತಲೆದೋರುವುದು ಇದರಿಂದಲೇ. ಹದಿನೆಂಟು ವರ್ಷ ತುಂಬಿ, 45 ಕಿಲೊ ತೂಕವಿದ್ದು, ರಕ್ತದಲ್ಲಿ ಹಿಮೋಗ್ಲೋಬಿನ್ 12.5 ಗ್ರಾಂಗೆ ಕಡಮೆಯಿಲ್ಲದ ಆರೋಗ್ಯವಂತರು ದಾನ ಮಾಡಬಹುದು. ಒಂದು ದಾನದಿಂದ ಇನ್ನೊಂದಕ್ಕೆ ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳು ಅಂತರವಿರಬೇಕು. ಈ ಲೆಕ್ಕವನ್ನು ಹಿಡಿದು ಸಂಘದವರು ದಾನಿಗಳನ್ನು ತಿಂಗಳುಗಳಿಗೆ ಹಂಚಿ ಪಟ್ಟಿಮಾಡಿ, ರಕ್ತನಿಧಿಯವರಿಗೆ ಬೇಕಾದ ವಾರದಲ್ಲಿ ಬೇಕಾದಷ್ಟು ಮಂದಿಯನ್ನು ಕಳುಹಿಸುವುದು ಶಾಮಿಯಾನದ ಉತ್ಸವಕ್ಕಿಂತ ಹೆಚ್ಚಿನ ಉಪಕಾರ. ಅದರಲ್ಲಿ ಛಾಯಾಚಿತ್ರಕ್ಕೆ ಆಸ್ಪದವಿಲ್ಲವೆಂಬುದೇನೋ ನಿಜ.

ಛಾಯಾಚಿತ್ರದ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ಹಣ್ಣು ಕೊಡುವಾಗ ರೋಗಿಯ ಮುಖವನ್ನೂ, ಪುಸ್ತಕ ಕೊಡುವಾಗ ಬಡಮಗುವಿನ ಮುಖವನ್ನೂ ಚಿತ್ರ ತೆಗೆದು ಊರಿಗೆಲ್ಲ ತೋರಿಸುವ ಪದ್ಧತಿ ಬಲವಾಗಿ ಬೇರೂರಿದೆ. ತೆಗೆದುಕೊಳ್ಳುವವರಿಗೂ ಮಾನವುಂಟು, ಆ ಮಗು ನಾಳೆ ಅದೇ ಬೀದಿಯಲ್ಲಿ ಸಹಪಾಠಿಗಳ ನಡುವೆ ನಡೆಯಬೇಕು. ಪಡೆಯುವವರ ಚಿತ್ರವನ್ನು ತೆಗೆಯಕೂಡದೆಂದು ಸಂಘದ ಮೊದಲನೆಯ ನಿಯಮದಲ್ಲಿಯೇ ಬರೆದಿಡುವುದು ಒಳ್ಳೆಯದು.

ಶಾಲೆಯ ಮಕ್ಕಳಿಗೆ ಸಂಜೆ ಪಾಠ ಹೇಳುವುದು ಎಲ್ಲರಿಗೂ ಮೊದಲು ಹೊಳೆಯುವ ಕೆಲಸ. ಬಹಳ ಒಳ್ಳೆಯ ಕೆಲಸ. ಅಷ್ಟೇ ಅಪಾಯಕಾರಿಯೂ ಹೌದು. ಎರಡು ತಿಂಗಳು ಬಂದ ಅಣ್ಣನೋ ಅಕ್ಕನೋ ಹೇಳದೆ ಕೇಳದೆ ನಿಂತುಹೋದರೆ, ಮಗು ಗಣಿತವನ್ನು ಮರೆಯುವುದಷ್ಟೇ ಅಲ್ಲ, ಬರುತ್ತೇನೆಂದು ಹೇಳುವ ದೊಡ್ಡವರನ್ನು ನಂಬುವುದನ್ನೂ ಬಿಡುತ್ತದೆ. ವಾರಕ್ಕೆ ಐದು ದಿನವೆಂದು ಹೇಳಿ ಎರಡು ದಿನ ಹೋಗುವುದಕ್ಕಿಂತ ವಾರಕ್ಕೆ ಒಂದೇ ದಿನವೆಂದು ಹೇಳಿ ತಪ್ಪದೆ ಹೋಗುವುದು ಮೇಲು. ಯಾವ ತಾರೀಖಿನವರೆಗೆ ಬರುತ್ತೇವೆ, ಆಮೇಲೆ ಯಾರು ಬರುತ್ತಾರೆ ಎಂಬುದನ್ನು ಮಕ್ಕಳಿಗೂ ಶಾಲೆಯವರಿಗೂ ಮೊದಲ ದಿನವೇ ತಿಳಿಸಬೇಕು. ಇಬ್ಬರಿಗೆ ಕಡಮೆಯಾಗಿ ಯಾರೂ ಹೋಗಕೂಡದು. ಪಾಠ ನಡೆಯುವುದು ಶಾಲೆಯ ಆವರಣದಲ್ಲಿ, ಬಾಗಿಲು ತೆರೆದಿರುವ ಕೋಣೆಯಲ್ಲಿ, ಶಾಲೆಯವರ ಅರಿವಿನಲ್ಲಿ ಆಗತಕ್ಕದ್ದು. ಇದು ಮಕ್ಕಳ ರಕ್ಷಣೆಗೂ ಬೇಕು, ಸ್ವಯಂಸೇವಕರ ರಕ್ಷಣೆಗೂ ಬೇಕು.

ಇನ್ನು ಹಣದ ವಿಷಯ. ಮೊದಲ ವರ್ಷ ಹಣವನ್ನೇ ಮುಟ್ಟದಿರುವ ಸಂಘ ಭಾಗ್ಯಶಾಲಿ. ಮುಟ್ಟಲೇಬೇಕಾಗಿ ಬಂದರೆ ರಸೀತಿ ಪುಸ್ತಕವಿರಲಿ, ಇಬ್ಬರ ರುಜುವಿಲ್ಲದೆ ಖರ್ಚಾಗದಿರಲಿ, ತಿಂಗಳ ಜಮಾಖರ್ಚು ಸೂಚನಾಫಲಕದ ಮೇಲೆ ಬರಲಿ. ಅಧ್ಯಾಪಕರೊಬ್ಬರು ಲೆಕ್ಕವನ್ನು ನೋಡಿ ರುಜು ಹಾಕುವುದು ಅವಿಶ್ವಾಸವಲ್ಲ. ಹತ್ತೊಂಬತ್ತರ ತರುಣನಿಗೆ ಅದು ರಕ್ಷಾಕವಚ. ಸಂಘವನ್ನು ಕೂಡಲೆ ನೋಂದಾಯಿಸಬೇಕೆಂಬ ಉತ್ಸಾಹ ಕೆಲವರಿಗಿರುವುದುಂಟು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ ಏಳು ಮಂದಿ ಸೇರಿದರೆ ಅದಕ್ಕೆ ಅಡ್ಡಿಯಿಲ್ಲ. ಆದರೆ ನೋಂದಣಿಯಾದ ಮೇಲೆ ವರ್ಷ ವರ್ಷ ಲೆಕ್ಕಪತ್ರಗಳನ್ನೂ ಸದಸ್ಯರ ಪಟ್ಟಿಯನ್ನೂ ಸಲ್ಲಿಸುತ್ತಿರಬೇಕು. ಮೂರು ವರ್ಷಕ್ಕೆ ಊರು ಬಿಟ್ಟುಹೋಗುವ ವಿದ್ಯಾರ್ಥಿಗಳಿಗೆ ಆ ಹೊರೆ ಬೇಡ. ಕಾಲೇಜಿನ ಆಶ್ರಯದಲ್ಲಿ, ಪ್ರಾಂಶುಪಾಲರ ಒಂದು ಪತ್ರದ ಬಲದಿಂದ ನಡೆದರೆ ಸಾಕು.

ತಂದೆತಾಯಿಗಳ ಆಕ್ಷೇಪಣೆ ಎರಡು ಬಗೆಯದು. ಓದು ಕೆಡುತ್ತದೆಂಬುದು ಒಂದು. ವಾರಕ್ಕೆ ಎರಡು ಗಂಟೆಯಿಂದ ಓದು ಕೆಡುವುದಿಲ್ಲ. ಹತ್ತು ಗಂಟೆಯಾದರೆ ಕೆಡಬಹುದು. ಸಂಘವೇ ಮಿತಿ ಹಾಕಬೇಕು. ಇನ್ನೊಂದು, ಹೆಣ್ಣುಮಕ್ಕಳು ಹೊತ್ತು ಮುಳುಗಿದ ಮೇಲೆ ಅಪರಿಚಿತ ಕೇರಿಗಳಿಗೆ ಹೋಗಬೇಕಾಗುತ್ತದೆಂಬ ಭೀತಿ. ಇದಕ್ಕಾಗಿ ಮಗಳನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳುವ ಬದಲು ಸಂಘದವರನ್ನು ಕರೆದು, ಕೆಲಸದ ಸ್ಥಳ ಯಾವುದು, ಹಿಂತಿರುಗುವ ಹೊತ್ತು ಯಾವುದು, ಜೊತೆಗಾರರು ಯಾರು ಎಂದು ಕೇಳುವ ಹಕ್ಕು ತಮಗಿದೆ. ಉತ್ತರ ಕೊಡಲಾರದ ಸಂಘ ಇನ್ನೂ ಸಿದ್ಧವಾಗಿಲ್ಲವೆಂದು ತಿಳಿಯಬಹುದು.

ಅಧ್ಯಾಪಕರಿಗೊಂದು ಬಿನ್ನಹ. ಸಲಹೆಗಾರರಾಗಿರಿ, ನಾಯಕರಾಗಬೇಡಿ. ಪ್ರತಿಯೊಂದು ನಿರ್ಧಾರವನ್ನೂ ಅಧ್ಯಾಪಕರೇ ಮಾಡಿದರೆ ಅದು ಇನ್ನೊಂದು ತರಗತಿಯಾಗುತ್ತದೆ. ಹಾಜರಿಗೂ ಅಂಕಕ್ಕೂ ಸೇವೆಯನ್ನು ಗಂಟುಹಾಕುವುದರ ಫಲವೂ ಹಾಗೆಯೇ: ಅಂಕ ಸಿಕ್ಕಿದ ದಿನ ಸ್ವಯಂಸೇವಕ ಕಾಣೆಯಾಗುತ್ತಾನೆ.

ವಿದ್ಯಾರ್ಥಿ ಸಂಘಕ್ಕೆ ಎಲ್ಲಕ್ಕಿಂತ ಕಠಿಣವಾದ ಸಮಸ್ಯೆ ಅದರ ಆಯುಸ್ಸು. ಬೇರೆ ಸಂಸ್ಥೆಗಳಲ್ಲಿ ಒಂದು ತಲೆಮಾರು ಇಪ್ಪತ್ತೈದು ವರ್ಷವಾದರೆ ಇಲ್ಲಿ ಮೂರು ವರ್ಷ. ಸ್ಥಾಪಿಸಿದವರು ಕೊನೆಯ ವರ್ಷದವರಾಗಿದ್ದರೆ ಹತ್ತು ತಿಂಗಳಲ್ಲಿ ಎಲ್ಲವೂ ಅವರೊಡನೆ ಹೊರಟುಹೋಗುತ್ತದೆ. ಆದ್ದರಿಂದ ಕಾರ್ಯದರ್ಶಿ ಎರಡನೆಯ ವರ್ಷದವನೋ ಎರಡನೆಯ ವರ್ಷದವಳೋ ಆಗಿರಬೇಕು, ಸಹಾಯಕ್ಕೆ ಮೊದಲ ವರ್ಷದವರು ಇಬ್ಬರಿರಬೇಕು. ಕೊನೆಯ ವರ್ಷದವರು ಪದವಿಯಿಲ್ಲದೆ ಕೆಲಸ ಮಾಡಲಿ. ಅಧಿಕಾರವನ್ನು ಪರೀಕ್ಷೆಯ ಗಲಭೆಯಲ್ಲಿ ಕೈಬದಲಿಸದೆ ಜನವರಿಯಲ್ಲಿಯೇ ವಹಿಸಿಕೊಟ್ಟರೆ ಹಳಬರು ಇನ್ನೂ ಇರುವಾಗಲೇ ಹೊಸಬರು ನಡೆದು ಕಲಿಯುತ್ತಾರೆ. ಆ ದಿನ ಕೊಡಬೇಕಾದದ್ದು ಗಟ್ಟಿರಟ್ಟಿನ ಒಂದು ಪುಸ್ತಕ. ಯಾವ ಶಾಲೆಗೆ ಯಾವ ವಾರ, ಅಲ್ಲಿ ಮಾತನಾಡಿಸಬೇಕಾದವರು ಯಾರು, ರಕ್ತನಿಧಿಯವರಿಗೆ ಯಾವ ತಿಂಗಳು ಕಷ್ಟ, ಯಾವ ಅಭ್ಯರ್ಥಿಗೆ ಮುಂದಿನ ಪರೀಕ್ಷೆಗೆ ಲಿಪಿಕಾರ ಬೇಕು, ಕಳೆದ ವರ್ಷ ಯಾವುದನ್ನು ಹಿಡಿದು ಬಿಡಬೇಕಾಯಿತು ಮತ್ತು ಏಕೆ, ಇವೆಲ್ಲ ಅದರಲ್ಲಿ ತಾರೀಖಿನ ಸಮೇತ ಬರೆದಿರಬೇಕು. ಅಂತಹ ಪುಸ್ತಕದ ಮೊದಲ ಪುಟವನ್ನು ಬರೆಯುವುದಕ್ಕೆ ಪ್ರಾರಂಭೋತ್ಸವದವರೆಗೆ ಕಾಯಬೇಕಾದ ಕಾರಣವಿಲ್ಲ. ಮೊದಲ ವಿಚಾರಣೆಗೆ ಹೊರಡುವ ಸಂಜೆಯೇ ಅದನ್ನು ಕೊಂಡುಕೊಳ್ಳಬಹುದು.